ಊರಿಗೊಬ್ಬ ಕಮ್ಮಾರ, ದೇಶದ ತುಂಬ ಕೊವಾಚ್

ಚಲನಚಿತ್ರ ಮುಗಿದೊಡನೆ ಎದ್ದು ಹೋಗದೆ, ಪರದೆಯ ಮೇಲೆ ಮೂಡುವ ಹೆಸರುಗಳನ್ನು ಓದುವ ಅಭ್ಯಾಸ ನಿಮಗಿದೆಯೆ? ನಮ್ಮ ವೃತ್ತಿಯವರಿಗೆ ಅದೊಂದು ಚಟ. 1969ರ ಅಮೆರಿಕನ್ ಚಿತ್ರ 'ಈಸಿ ರೈಡರ್'ನ ಛಾಯಾಗ್ರಾಹಕ ಲಾಸ್ಲೊ ಕೊವಾಚ್. 1956ರ ಹಂಗೇರಿಯ ದಂಗೆಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು, ಆ ಫಿಲ್ಮಿನೊಂದಿಗೆ ದೇಶ ಬಿಟ್ಟು ಬಂದವರು ಅವರು. 1950ರ ದಶಕದಲ್ಲಿ ಕ್ಯಾಮೆರಾ ಚಮತ್ಕಾರಗಳಿಂದ ಅಮೆರಿಕದ ದೂರದರ್ಶನ ವೀಕ್ಷಕರನ್ನು ನಗಿಸಿದ ಎರ್ನಿಯ ಹೆಸರೂ ಕೊವಾಚ್. ಅಮೆರಿಕನ್ನರು ಅದನ್ನು 'ಕೊವಾಕ್ಸ್' ಎನ್ನುತ್ತಾರೆ. ಹಾಗಾದರೆ ಇವರಿಬ್ಬರೂ ಒಂದೇ ಮನೆತನದವರೆ? ಹೆಸರನ್ನಷ್ಟೇ ನೋಡಿ ಹಾಗೆ ತೀರ್ಮಾನಿಸಿದರೆ ಎಡವುತ್ತೇವೆ.

ಹಂಗೇರಿಯ ಭಾಷೆಯಲ್ಲಿ ಕೊವಾಚ್ ಎಂದರೆ ಕಮ್ಮಾರ. ಆ ದೇಶದಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರುಗಳಲ್ಲಿ ಇದೂ ಒಂದು. ಇಲ್ಲೊಂದು ವಿಚಿತ್ರವಿದೆ. ಹಳ್ಳಿಗಳಲ್ಲಿ ರೈತರೇ ಹೆಚ್ಚು, ಕಮ್ಮಾರ ಒಬ್ಬನೋ ಇಬ್ಬರೋ. ಹಾಗಿದ್ದೂ ಕಮ್ಮಾರನ ಹೆಸರೇ ಏಕೆ ಇಷ್ಟು ಹಬ್ಬಿತು?

ಯೋಚಿಸಿ ನೋಡಿ. ಊರಿನಲ್ಲಿ ಯಾನೊಷ್ ಎಂಬುವರು ಹತ್ತು ಮಂದಿ ಇದ್ದಾರೆ. 'ರೈತ ಯಾನೊಷ್' ಎಂದರೆ ಯಾರೆಂದು ತಿಳಿಯುವುದು? ಹತ್ತರಲ್ಲಿ ಒಂಬತ್ತು ಮಂದಿ ರೈತರೇ. ಆದರೆ 'ಕಮ್ಮಾರ ಯಾನೊಷ್' ಎಂದರೆ ಸಂದೇಹವೇ ಇಲ್ಲ: ಕುಲುಮೆಯ ಮುಂದೆ ನಿಂತು ಕುದುರೆಗೆ ಲಾಳ, ನೇಗಿಲಿಗೆ ಗುಳ ಮಾಡಿಕೊಡುವವನು. ಹೆಸರು ಅಂಟಿಕೊಳ್ಳುವುದು ಗುರುತು ಹಿಡಿಯಲು ಅನುಕೂಲವಾಗುವಲ್ಲಿ. ಒಂದೊಂದು ಹಳ್ಳಿಯಲ್ಲೂ ಹೀಗೆ ಪ್ರತ್ಯೇಕವಾಗಿ ಒಬ್ಬೊಬ್ಬ ಕೊವಾಚ್ ಹುಟ್ಟಿಕೊಂಡ. 14ರಿಂದ 16ನೆಯ ಶತಮಾನದ ಅವಧಿಯಲ್ಲಿ ಇಂಥ ಗುರುತುಗಳು ನಿಧಾನವಾಗಿ ತಂದೆಯಿಂದ ಮಕ್ಕಳಿಗೆ ಬರುವ ಹೆಸರುಗಳಾದವು. ಮಗ ಸುತ್ತಿಗೆ ಹಿಡಿಯದಿದ್ದರೂ ಹೆಸರು ಮಾತ್ರ ಉಳಿಯಿತು. ಇಂಗ್ಲಿಷಿನ ಸ್ಮಿತ್, ಜರ್ಮನಿಯ ಶ್ಮಿಟ್, ರಷ್ಯದ ಕುಜ್ನೆತ್ಸೊವ್ ಇವೆಲ್ಲ ಕುಲುಮೆಯಲ್ಲೇ ಹುಟ್ಟಿದ ಹೆಸರುಗಳು.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 'ಕೊವಾಚ್' ಮೂಲತಃ ಹಂಗೇರಿಯನ್ ಪದವೇ ಅಲ್ಲ! ಹಂಗೇರಿಯನ್ನರ ಪೂರ್ವಿಕರು ಪೂರ್ವದ ಹುಲ್ಲುಗಾವಲುಗಳಿಂದ 9ನೆಯ ಶತಮಾನದ ಕೊನೆಗೆ ಇಂದಿನ ನಾಡಿಗೆ ಬಂದರು. ಅವರ ನುಡಿ ಫಿನ್ನಿಷ್ ಭಾಷೆಯ ದೂರದ ಬಂಧು. ಕಬ್ಬಿಣಕ್ಕೆ ಅವರಲ್ಲಿ ಸ್ವಂತದ್ದೇ ಆದ 'ವಷ್' ಎಂಬ ಹಳೆಯ ಪದವಿದೆ. ತಾಮ್ರವನ್ನು ಹೇಳುವ ಫಿನ್ನಿಷಿನ 'ವಾಸ್ಕಿ' ಅದರ ಒಡಹುಟ್ಟು. ಆದರೆ ಆ ಕಬ್ಬಿಣವನ್ನು ಬಡಿಯುವವನ ಹೆಸರನ್ನು ಮಾತ್ರ ಅವರು ನೆರೆಯ ಸ್ಲಾವ್ ಜನರಿಂದ ಪಡೆದರು. ಸ್ಲಾವ್ ಭಾಷೆಗಳಲ್ಲಿ 'ಕೊವಾತಿ' ಎಂದರೆ ಲೋಹವನ್ನು ಬಡಿದು ರೂಪ ಕೊಡುವುದು. 1993ರಲ್ಲಿ ಸ್ಲೊವಾಕಿಯದ ಮೊದಲ ಅಧ್ಯಕ್ಷರಾದ ಮಿಖಾಲ್ ಕೊವಾಚ್ ಅವರ ಹೆಸರೂ ಇದೇ. ನೇಕಾರನ ಹೆಸರಾದ 'ತಕಾಚ್' ಕೂಡ ಸ್ಲಾವ್ ಮೂಲದ್ದು. ದರ್ಜಿಯಾದ 'ಸಬೊ' ಮಾತ್ರ 'ಕತ್ತರಿಸು' ಎಂಬ ಹಂಗೇರಿಯನ್ ಕ್ರಿಯಾಪದದಿಂದಲೇ ಬಂದವನು.

ಕೊವಾಚರ ಸಂಖ್ಯೆ ಹೆಚ್ಚಲು ಕುಲುಮೆಗೆ ಸಂಬಂಧವೇ ಇಲ್ಲದ ಕಾರಣವೂ ಇದೆ. 19ನೆಯ ಶತಮಾನದಲ್ಲಿ ರಾಷ್ಟ್ರಾಭಿಮಾನ ಬಲವಾದಾಗ, ಜರ್ಮನ್ ಹಾಗೂ ಸ್ಲಾವ್ ಹೆಸರುಗಳನ್ನು ಬಿಟ್ಟು ಹಂಗೇರಿಯನ್ ಹೆಸರು ಇಟ್ಟುಕೊಳ್ಳುವಂತೆ ಸರ್ಕಾರ ಉತ್ತೇಜಿಸಿತು. ಹೆಸರು ಬದಲಾವಣೆಯ ಶುಲ್ಕ 1881ರಲ್ಲಿ 5 ಫೋರಿಂಟ್‌ಗಳಿಂದ ಅರ್ಧ ಫೋರಿಂಟ್‌ಗೆ ಇಳಿಯಿತು. ಜರ್ಮನ್ ಶ್ಮಿಟ್‌ಗಳಿಗೆ ಸುಲಭದ ದಾರಿ ಎದುರಿಗೇ ಇತ್ತು: ಅರ್ಥವನ್ನು ಹಾಗೆಯೇ ಉಳಿಸಿಕೊಂಡು ಕೊವಾಚ್ ಆಗುವುದು. ಹೀಗೆ 'ಅಪ್ಪಟ ಹಂಗೇರಿಯನ್' ಎಂದು ಅವರಲ್ಲಿ ಎಷ್ಟೋ ಮಂದಿ ಆರಿಸಿಕೊಂಡ ಹೆಸರು, ವಾಸ್ತವವಾಗಿ ಸ್ಲಾವರಿಂದ ಕಡ ತಂದದ್ದು! ಇಂದಿನ ಒಬ್ಬ ಕೊವಾಚ್‌ನ ಮುತ್ತಜ್ಜ ಯಾರಾಗಿದ್ದ ಎಂಬುದನ್ನು ಅರಿಯಬೇಕಾದರೆ, ಅವನ ಊರಿನ ಚರ್ಚಿನ ಹಳೆಯ ಜನನ ಮರಣದ ಪುಸ್ತಕಗಳನ್ನೇ ತಿರುವಿಹಾಕಬೇಕು.