ತನ್ಮಯತೆಯೂ ಅರಿವೂ: ಬೌದ್ಧ ಸಾಧನೆಯ ಒಂದು ಹಳೆಯ ಪ್ರಶ್ನೆ

ಧ್ಯಾನಕ್ಕೆ ಕುಳಿತಾಗ ಮನಸ್ಸು ಒಮ್ಮೆ ನಿಂತರೆ ಸಾಕು, ಗುರಿ ಮುಟ್ಟಿದಂತೆಯೇ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಅರ್ಧ ಗಂಟೆ ಪ್ರಶಾಂತವಾಗಿ ಕುಳಿತು ಎದ್ದವರು ಮರುಗಳಿಗೆಯಲ್ಲೇ ಮನೆಯವರ ಮೇಲೆ ಸಿಡುಕುವುದನ್ನೂ ಕಾಣುತ್ತೇವೆ. ಹಾಗಾದರೆ ಆ ಶಾಂತಿ ಎಲ್ಲಿ ಹೋಯಿತು? ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಶಾಕ್ಯಕುಲದ ಸಿದ್ಧಾರ್ಥನು ಇಂಥದೇ ಪ್ರಶ್ನೆಯಿಂದಾಗಿ ಇಬ್ಬರು ಗುರುಗಳನ್ನು ತೊರೆದನು.

ಮನೆ ಬಿಟ್ಟ ಸಿದ್ಧಾರ್ಥನು ಮೊದಲು ಆಳಾರ ಕಾಲಾಮನಲ್ಲಿಗೆ ಹೋದನು. 'ಏನೂ ಇಲ್ಲ' ಎಂಬ ಸೂಕ್ಷ್ಮ ನೆಲೆಯಲ್ಲಿ ಚಿತ್ತವನ್ನು ಲಯಗೊಳಿಸುವುದನ್ನು ಆತ ಕಲಿಸಿದನು. ಶಿಷ್ಯ ಬೇಗನೆ ಅದನ್ನು ಸಾಧಿಸಿದಾಗ, ತನ್ನೊಡನೆ ಸಮಾನವಾಗಿ ನಿಂತು ಶಿಷ್ಯಸಮುದಾಯವನ್ನು ನಡೆಸುವಂತೆ ಗುರುವೇ ಕೇಳಿಕೊಂಡನು. ಮುಂದೆ ಉದ್ದಕ ರಾಮಪುತ್ತನ ಬಳಿ ಅದಕ್ಕೂ ಸೂಕ್ಷ್ಮವಾದ, ಸಂಜ್ಞೆ ಇದೆಯೆಂದೂ ಇಲ್ಲವೆಂದೂ ಹೇಳಲಾಗದ ಸ್ಥಿತಿ ದೊರೆಯಿತು. ಅಲ್ಲಿಯೂ ಗುರುಪೀಠ ಕಾದಿತ್ತು. ಸಿದ್ಧಾರ್ಥನು ಎರಡನ್ನೂ ಬಿಟ್ಟು ನಡೆದನು. ಆ ಸಮಾಧಿಗಳು ಸುಳ್ಳಾಗಿರಲಿಲ್ಲ. ಆದರೆ ದುಃಖದ ಬೇರನ್ನು ಅವು ಕೀಳಲಿಲ್ಲ.

ಬಳಿಕ ಕಠೋರ ದೇಹದಂಡನೆ. ಅಸ್ಥಿಪಂಜರದಂತಾದ ಮೇಲೆ ಬಾಲ್ಯದ ಒಂದು ನೆನಪು ಅವನಲ್ಲಿ ಮರಳಿತು: ತಂದೆ ಕೆಲಸದಲ್ಲಿ ತೊಡಗಿದ್ದಾಗ ನೇರಳೆ ಮರದ ತಣ್ಣೆಳಲಲ್ಲಿ ಕುಳಿತು ತಾನಾಗಿಯೇ ಅನುಭವಿಸಿದ್ದ ಧ್ಯಾನಸುಖ. ಕಾಮಭೋಗಕ್ಕೆ ಸಂಬಂಧಿಸದ ಈ ಸುಖಕ್ಕೆ ತಾನೇಕೆ ಹೆದರಬೇಕು? ಹೀಗೆ ಯೋಚಿಸಿ ಆತ ಅನ್ನ ಸ್ವೀಕರಿಸಿದನು. ಜೊತೆಗಿದ್ದ ಐವರು, ಇವನು ಭೋಗಕ್ಕೆ ಬಿದ್ದನೆಂದು ಬಿಟ್ಟುಹೋದರು. ನನ್ನ ಮಟ್ಟಿಗೆ ಬುದ್ಧನ ಚರಿತ್ರೆಯಲ್ಲಿ ಅತ್ಯಂತ ಮಾನವೀಯವಾದ ಘಟ್ಟವಿದು.

ಪಾಲಿ ಗ್ರಂಥಗಳು ಧ್ಯಾನವನ್ನು 'ಝಾನ' ಎಂದು ಕರೆದು ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತವೆ. ಮೊದಲನೆಯದರಲ್ಲಿ ವಿಚಾರವೂ ಉಂಟು, ಪ್ರೀತಿಸುಖಗಳೂ ಉಂಟು. ಸ್ನಾನಮಾಡಿಸುವವನು ಪುಡಿಗೆ ನೀರು ಬೆರೆಸಿ ನಾದಿದಾಗ ಉಂಡೆಯೆಲ್ಲ ನೆನೆದರೂ ಹನಿ ತೊಟ್ಟಿಕ್ಕದಂತೆ, ಸುಖ ದೇಹವನ್ನೆಲ್ಲ ವ್ಯಾಪಿಸುತ್ತದೆ. ಎರಡನೆಯದಕ್ಕೆ ಒಳಗಿನ ಒರತೆಯಿಂದಲೇ ತುಂಬುವ ಸರೋವರದ ಉಪಮೆ. ಅಲ್ಲಿ ವಿಚಾರ ನಿಲ್ಲುತ್ತದೆ. ಮೂರನೆಯದರಲ್ಲಿ ಪ್ರೀತಿಯ ಉಬ್ಬರವೂ ಇಳಿಯುತ್ತದೆ. ನಾಲ್ಕನೆಯದರಲ್ಲಿ ಸುಖದುಃಖಗಳೆರಡೂ ಇಲ್ಲವಾಗಿ, ಸಮಚಿತ್ತದಿಂದ ಪರಿಶುದ್ಧವಾದ ಸ್ಮೃತಿ ಮಾತ್ರ ಉಳಿಯುತ್ತದೆ. ಗಮನಿಸಬೇಕಾದ ಮಾತು ಇದೇ. ಮೇಲಿನ ಮೆಟ್ಟಿಲು ಮೈಮರೆವೆಯಲ್ಲ, ಮೈಯೆಲ್ಲ ಎಚ್ಚರ. ಸಾರಿಪುತ್ತನಂತೂ ಆಯಾ ಧ್ಯಾನದಲ್ಲಿ ಯಾವ ಭಾವ ಹುಟ್ಟಿತು, ಯಾವುದು ಅಳಿಯಿತು ಎಂಬುದನ್ನು ಒಂದೊಂದಾಗಿ ಗುರುತಿಸಿದನೆಂದು ಮಜ್ಝಿಮ ನಿಕಾಯ ಹೇಳುತ್ತದೆ.

ಎಷ್ಟು ಆಳದ ತನ್ಮಯತೆ ಬೇಕೆಂಬುದರಲ್ಲಿ ಬೌದ್ಧರಲ್ಲೇ ಒಮ್ಮತವಿಲ್ಲ. ಬರ್ಮಾದ ಮಹಾಸಿ ಸಯಾಡೊ (1904–1982) ಅವರು ಝಾನಗಳಿಗಾಗಿ ಕಾಯದೆ ನೇರವಾಗಿ ವಿಪಶ್ಯನೆಗೆ ತೊಡಗಬಹುದೆಂದರು. ಬರ್ಮಾದಲ್ಲೇ ಹುಟ್ಟಿದ ಎಸ್. ಎನ್. ಗೋಯೆಂಕಾ ಅವರು 1969ರಿಂದ ಭಾರತದಲ್ಲಿ ಕಲಿಸಿದ ಹತ್ತು ದಿನಗಳ ಶಿಬಿರದಲ್ಲೂ ಮೊದಲ ಕೆಲವು ದಿನ ಮಾತ್ರ ಉಸಿರಿನ ಏಕಾಗ್ರತೆ. ಉಳಿದುದೆಲ್ಲ ದೇಹದ ಸಂವೇದನೆಗಳ ವೀಕ್ಷಣೆ.

ನಮ್ಮ ಬೈಲುಕುಪ್ಪೆಗೆ ಹೋದವರು ಚಿನ್ನದ ಬಣ್ಣದ ಬೃಹತ್ ಮೂರ್ತಿಗಳನ್ನು ನೋಡಿ ಬೆರಗಾಗಿ ಬರುತ್ತಾರೆ. ಪೆನೋರ್ ರಿನ್ಪೋಚೆ ಅವರು 1963ರಲ್ಲಿ ಸ್ಥಾಪಿಸಿದ ನಮ್ದ್ರೋಲಿಂಗ್ ವಿಹಾರವದು. ಆ ನಿಂಗ್ಮಾ ಪರಂಪರೆಯಲ್ಲಿ ಶುದ್ಧ ಅರಿವಿಗೆ 'ರಿಗ್ಪ' ಎಂದು ಹೆಸರು. ಸಾಧಕನಿಗೆ ಆನಂದ, ನಿಚ್ಚಳತೆ, ನಿರ್ವಿಚಾರತೆ ಎಂಬ ಅನುಭವಗಳು ಬರುತ್ತವೆ. ಅವುಗಳಿಗೆ ಅಂಟಿಕೊಂಡರೆ ಸಂಸಾರದಲ್ಲೇ ಉಳಿದಂತೆ ಎಂದು ಅಲ್ಲಿನ ಗುರುಗಳು ಎಚ್ಚರಿಸುತ್ತಾರೆ. ಯೋಚನೆಯಿಲ್ಲದ ಮಂಕು ಮೌನವನ್ನೇ ರಿಗ್ಪ ಎಂದು ಭ್ರಮಿಸುವುದು ಅವರ ದೃಷ್ಟಿಯಲ್ಲಿ ದೊಡ್ಡ ಅಪಾಯ.

ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವ ನಮ್ಮವರಿಗೆ ಈ ಎಚ್ಚರಿಕೆ ಅಪರಿಚಿತವೆನಿಸದು. ಶರಣರೂ ಅರಿವನ್ನು ಆಚಾರದಿಂದ ಬೇರ್ಪಡಿಸಲಿಲ್ಲ. ಆದರೂ ಎರಡೂ ಒಂದೇ ಎನ್ನುವುದು ಅವಸರದ ಮಾತಾದೀತು. ನಮ್ಮದು ಲಿಂಗಾಂಗ ಸಾಮರಸ್ಯದ ದಾರಿ. ಬುದ್ಧನು ಸೃಷ್ಟಿಕರ್ತನಾದ ಈಶ್ವರನನ್ನಾಗಲಿ ಶಾಶ್ವತ ಆತ್ಮವನ್ನಾಗಲಿ ಒಪ್ಪಲಿಲ್ಲ. ಪಕ್ಕದ ಮನೆಯ ದೀಪವನ್ನು ಅದರ ಬೆಳಕಿನಲ್ಲೇ ನೋಡುವುದು ಸೌಜನ್ಯ.

ಕುಳಿತಷ್ಟು ಹೊತ್ತಿಗೆ ಸಾಧನೆ ಮುಗಿಯಿತೆಂದು ಬೌದ್ಧ ಗುರುಗಳು ಎಣಿಸುವುದಿಲ್ಲ. ಟಿಬೆಟನ್ ಗುರುಗಳು ಹೊಸಬರಿಗೆ ಕೊಡುವ ಸಲಹೆ, ಸ್ವಲ್ಪ ಹೊತ್ತು, ಆದರೆ ಅನೇಕ ಬಾರಿ. ಸತಿಪಟ್ಠಾನ ಸುತ್ತವಂತೂ ನಡೆಯುವುದು, ಬಟ್ಟೆ ಉಡುವುದು, ಉಣ್ಣುವುದು, ಮಾತನಾಡುವುದು, ಸುಮ್ಮನಿರುವುದು, ಕಡೆಗೆ ಮಲಮೂತ್ರ ವಿಸರ್ಜನೆಯನ್ನೂ ಬಿಡದೆ ಅರಿವಿನ ಪಟ್ಟಿಗೆ ಸೇರಿಸಿದೆ.