ಕೊನೆಯ ಹತ್ತು ಮೀಟರ್

ಸಹಾಯಾರ್ಥವಾಗಿ ಕೈಗೊಳ್ಳುವ ಸಾಹಸಯಾತ್ರೆಗಳನ್ನು ಕೆಲವರು ಮನಸಾರೆ ಹೊಗಳುತ್ತಾರೆ, ಕೆಲವರು ಅನುಮಾನದಿಂದ ನೋಡುತ್ತಾರೆ. ಬೆಂಗಳೂರಿನ ಎಂಟು ಮಂದಿ ಯುವಕ ಯುವತಿಯರು ಕ್ಷಯರೋಗಿಗಳ ಕುಟುಂಬಗಳಿಗೆ ಆಹಾರ ಧಾನ್ಯ ಒದಗಿಸಲೆಂದು ಈಜಿಪ್ಟಿನ ದಹಾಬ್‌ನಲ್ಲಿ ಉಸಿರು ಬಿಗಿಹಿಡಿದು ಸಮುದ್ರಕ್ಕಿಳಿದರು. ಲೆಕ್ಕಪತ್ರದ ಹೊಣೆ ಹೊತ್ತು ಅವರೊಡನೆ ಹೋಗಿ ಮರಳಿದ ನನಗೆ ಎರಡೂ ಬಗೆಯ ಮಾತುಗಳು ಕೇಳಿಬಂದಿವೆ. ‘ವಿಮಾನದ ಟಿಕೆಟ್ಟಿನ ಹಣವನ್ನೇ ರೋಗಿಗಳಿಗೆ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ?’ ಎಂಬುದು ಅವುಗಳಲ್ಲಿ ಹೆಚ್ಚು ನ್ಯಾಯವಾದ ಪ್ರಶ್ನೆ. ಸರ್ಕಾರಿ ಸೇವೆಯಲ್ಲಿ ಖರ್ಚುವೆಚ್ಚಗಳ ಕಡತಗಳನ್ನು ನೋಡುತ್ತ ಬಂದ ನನಗೆ ಅದನ್ನು ತಳ್ಳಿಹಾಕಲಾಗದು.

ದಹಾಬ್ ಸಿನಾಯ್ ಪರ್ಯಾಯದ್ವೀಪದ ಪೂರ್ವ ಅಂಚಿನಲ್ಲಿ, ಅಕಾಬಾ ಕೊಲ್ಲಿಯ ದಡದಲ್ಲಿರುವ ಊರು. ಅಲ್ಲಿನ ‘ಬ್ಲೂ ಹೋಲ್’ ಹವಳದ ದಿಬ್ಬದ ನಡುವಿನ, ಸುಮಾರು 100 ಮೀಟರ್ ಆಳದ ನೀಲಿ ಗುಂಡಿ. ದಡದಿಂದ ಕೆಲವೇ ಹೆಜ್ಜೆಗಳಲ್ಲಿ ಇಷ್ಟು ಆಳವೂ ತಿಳಿಯಾದ ನೀರೂ ಸಿಗುವುದರಿಂದ ಫ್ರೀಡೈವಿಂಗ್ ಕಲಿಯುವವರಿಗೆ ಅದು ಅಚ್ಚುಮೆಚ್ಚು. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಹಗ್ಗದ ಗುಂಟ ಇಳಿದು ಮೇಲೇರುವುದೇ ಈ ವಿದ್ಯೆ. ನಮ್ಮ ತಂಡದವರು 30 ಮೀಟರ್‌ಗಿಂತ ಕೆಳಗೆ ಇಳಿಯಲಿಲ್ಲ. ಇಳಿದ ಪ್ರತಿ ಮೀಟರ್‌ಗೆ ಇಂತಿಷ್ಟು ಎಂದು ದಾನಿಗಳು ಮೊದಲೇ ಮಾತು ಕೊಟ್ಟಿದ್ದರು.

ದಡದಲ್ಲಿ ಕುಳಿತು ಕೇಳಿ ತಿಳಿದ ಒಂದು ಸಂಗತಿ ನನ್ನನ್ನು ಇಂದಿಗೂ ಯೋಚನೆಗೆ ಹಚ್ಚಿದೆ. ಆಳಕ್ಕೆ ಇಳಿದಾಗಲೇ ಅಪಾಯ ಹೆಚ್ಚು ಎಂದು ನಾವೆಲ್ಲ ಭಾವಿಸುತ್ತೇವೆ. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟಾಗಿ, ಶ್ವಾಸಕೋಶದ ಗಾಳಿ ಕಾಲು ಭಾಗಕ್ಕೆ ಕುಗ್ಗುತ್ತದೆ. ಆದರೆ ಅದೇ ಒತ್ತಡವು ಉಳಿದಿರುವ ಆಮ್ಲಜನಕವನ್ನು ರಕ್ತಕ್ಕೆ ಸೇರಿಸುತ್ತಿರುತ್ತದೆ. ಮೇಲೇರುವಾಗ, ಕೊನೆಯ ಹತ್ತು ಮೀಟರ್‌ನಲ್ಲಿ ಒತ್ತಡ ಒಮ್ಮೆಗೇ ಅರ್ಧಕ್ಕಿಳಿಯುತ್ತದೆ. ಆಮ್ಲಜನಕದ ಒತ್ತಡವೂ ಅದರೊಡನೆ ಕುಸಿಯುತ್ತದೆ. ಬಿಸಿಲು ಕಾಣುತ್ತಿರುವಾಗ, ‘ಇನ್ನೇನು ಗೆದ್ದೆ’ ಎನ್ನುವಾಗಲೇ ಪ್ರಜ್ಞೆ ತಪ್ಪುವ ಸಂಭವವಿದೆ. ಆದ್ದರಿಂದ ಒಬ್ಬಂಟಿಯಾಗಿ ಮುಳುಗಬಾರದೆಂಬುದು ಈ ವಿದ್ಯೆಯ ಮೊದಲ ನಿಯಮ. ರಕ್ಷಕ ಈಜುಗಾರ ಅರ್ಧದಾರಿಯಲ್ಲಿ ಎದುರುಗೊಂಡು ಜೊತೆಗೇ ಮೇಲೆ ಬರುತ್ತಾನೆ. ಮುಳುಗಿದವರು ತಲೆಯೆತ್ತಿ ಉಸಿರೆಳೆದುಕೊಂಡ ಮೇಲೂ ಸುಮಾರು ಅರ್ಧ ನಿಮಿಷ ಅವರ ಮುಖದಿಂದ ಕಣ್ಣು ಕೀಳುವುದಿಲ್ಲ. 2017ರ ಜುಲೈನಲ್ಲಿ ಇದೇ ಬ್ಲೂ ಹೋಲ್‌ನಲ್ಲಿ ಐರ್ಲೆಂಡಿನ ಸ್ಟೀಫನ್ ಕೀನನ್ ಇಂಥ ರಕ್ಷಕನಾಗಿದ್ದಾಗ, ದಾರಿ ತಪ್ಪಿದ ಇಟಲಿಯ ಅಲೆಸಿಯಾ ಜೆಕ್ಕಿನಿಯನ್ನು ಮೇಲೆ ತಂದು ತಾನು ಪ್ರಾಣ ಕಳೆದುಕೊಂಡ.

ಇನ್ನು ಹಣದ ಮಾತು. ಒಬ್ಬರು ಕಷ್ಟಪಟ್ಟರೆ ಇನ್ನೊಬ್ಬರು ಯಾಕೆ ಕೊಡಬೇಕು? ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಊಟ ಕೊಡುವ ಜನರಿಗೆ ಈ ಪ್ರಶ್ನೆ ವಿಚಿತ್ರವೆನಿಸೀತು. ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ ಕೊಡುವವರಿಗೆ ದೊರೆಯುವ ಆತ್ಮತೃಪ್ತಿಯೂ ದಾನಕ್ಕೆ ಒಂದು ಕಾರಣವೆಂದು 1990ರ ಸುಮಾರಿನಲ್ಲೇ ವಾದಿಸಿದರು. ದಾನ ಮಾಡುವ ಬಗೆಯಲ್ಲಿ ನೋವು, ಶ್ರಮಗಳಿದ್ದರೆ ಜನ ಹೆಚ್ಚು ಕೊಡಲು ಸಿದ್ಧರಾಗುತ್ತಾರೆಂದು ಓಲಿವೊಲಾ ಮತ್ತು ಶಫೀರ್ ಎಂಬ ಸಂಶೋಧಕರು 2013ರಲ್ಲಿ ತೋರಿಸಿದರು. ಹಣ ಹೇಗೆ ಬರುತ್ತದೆಂಬುದನ್ನು ಇವು ವಿವರಿಸುತ್ತವೆ. ಆ ಹಣದಿಂದ ಆಗುವ ಕೆಲಸವೇನೆಂಬುದನ್ನು ಬೇರೆಯಾಗಿಯೇ ಕೇಳಬೇಕು.

ತಂಡದ ಎಲ್ಲರೂ ಪ್ರಯಾಣ, ವಸತಿಗಳ ವೆಚ್ಚವನ್ನು ಸ್ವಂತವಾಗಿ ಭರಿಸಿದರು. ದಾನದ ಹಣದಿಂದ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಆದರೂ ಆ ಸ್ವಂತ ವೆಚ್ಚಗಳನ್ನು ಕೂಡಿಸಿದರೆ ಸಂಗ್ರಹವಾದ ನಿಧಿಗಿಂತ ತುಸುವೇ ಕಡಿಮೆ. ಹಾಗಾಗಿ, ಮೀಟರ್ ಲೆಕ್ಕದ ಈ ಒಂದು ಸಲದ ಹಣವಷ್ಟೇ ನಮ್ಮ ಯಾತ್ರೆಯ ಫಲವೆಂದಾದರೆ ಅನುಮಾನಿಸುವವರ ಮಾತು ಬಹುಮಟ್ಟಿಗೆ ಸರಿ. ಯಾತ್ರೆಯ ನಿಜವಾದ ಫಲವನ್ನು ಅಳೆಯಬೇಕಾದುದು ಮನೆಗೆ ಮರಳಿದ ಮೇಲೆ.

ಯಾಕೆಂದರೆ ಕ್ಷಯಕ್ಕೆ ಒಂದು ಉಸಿರಿನ ಸಾಹಸ ಸಾಲದು. ಸಾಮಾನ್ಯ ಕ್ಷಯದ ಚಿಕಿತ್ಸೆ ಆರು ತಿಂಗಳಿನದು. ಎರಡು ತಿಂಗಳಲ್ಲೇ ಕೆಮ್ಮು ಇಳಿದು, ಹಸಿವು ಮರಳಿ, ಕೂಲಿಕಾರನಿಗೆ ‘ಇನ್ನು ವಾಸಿಯಾಯಿತು’ ಎನಿಸತೊಡಗುತ್ತದೆ. ಮಾತ್ರೆ ಬಿಟ್ಟು ಕೆಲಸಕ್ಕೆ ಹೋಗುವ ಮನಸ್ಸಾಗುವುದು ಆಗಲೇ. ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ಇದೂ ಕೊನೆಯ ಹತ್ತು ಮೀಟರ್‌ನ ಅಪಾಯವೇ. ಆಹಾರದ ಮಹತ್ವವನ್ನಂತೂ ಜಾರ್ಖಂಡ್‌ನಲ್ಲಿ ನಡೆದ ‘ರೇಷನ್ಸ್’ ಅಧ್ಯಯನ ಸಾಬೀತುಪಡಿಸಿದೆ. 2,800 ರೋಗಿಗಳ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಗಮನಿಸಿದ ಆ ಅಧ್ಯಯನದ ಫಲಿತಾಂಶ 2023ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ತಿಂಗಳು ತಿಂಗಳೂ ಅಕ್ಕಿ, ಬೇಳೆ ದೊರೆತ ಕುಟುಂಬಗಳ ಸದಸ್ಯರಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ 39ರಷ್ಟು ಕಡಿಮೆಯಾಗಿತ್ತು. ಕೇಂದ್ರ ಸರ್ಕಾರ 2018ರಲ್ಲಿ ರೋಗಿಗೆ ತಿಂಗಳಿಗೆ 500 ರೂಪಾಯಿಯಂತೆ ಆರಂಭಿಸಿದ ಪೌಷ್ಟಿಕಾಹಾರದ ನೆರವನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಿದೆ. 2022ರಲ್ಲಿ ಬಂದ ‘ನಿಕ್ಷಯ್ ಮಿತ್ರ’ ಯೋಜನೆಯಡಿ ನಾಗರಿಕರೂ ರೋಗಿಗಳಿಗೆ ಆಹಾರದ ಕಿಟ್ ಕೊಡಬಹುದು.

ಮರಳಿದ ಮೇಲೆ ನಮ್ಮ ದಾನಿಗಳಿಗೆಲ್ಲ ಲೆಕ್ಕಪತ್ರದ ಜೊತೆ ಒಂದು ಮನವಿಯನ್ನೂ ಕಳುಹಿಸಿದೆವು: ಒಂದು ಕುಟುಂಬದ ಆರು ತಿಂಗಳ ದಿನಸಿಯನ್ನು ವಹಿಸಿಕೊಳ್ಳುವಿರಾ? ಈವರೆಗೆ ಉತ್ತರಿಸಿದವರು ಮೂರರಲ್ಲೊಂದು ಪಾಲಿಗಿಂತ ಕಡಿಮೆ. ನಾವು ಆರಂಭಶೂರರೆಂಬ ಹಳೆಯ ಮಾತು ನೆನಪಾದರೆ ಆಶ್ಚರ್ಯವಿಲ್ಲ. ಆದರೆ ದೋಷ ದಾನಿಗಳದ್ದಷ್ಟೇ ಅಲ್ಲ. ಮೀಟರ್ ಲೆಕ್ಕದಲ್ಲಿ ಕೇಳಿದರೆ ಮೀಟರ್ ಲೆಕ್ಕದಲ್ಲೇ ಕೊಡುತ್ತಾರೆ. ಆದುದರಿಂದ ಮುಂದೆ ಇಂಥ ಯಾತ್ರೆ ಹೊರಡುವವರು ವಾಗ್ದಾನವನ್ನು ತಿಂಗಳುಗಳ ಲೆಕ್ಕದಲ್ಲೇ ಪಡೆಯಲಿ. ಆರನೆಯ ತಿಂಗಳ ದಿನಸಿ ಮನೆ ಮುಟ್ಟಿದ ಮೇಲೆಯೇ ಯಾತ್ರೆ ಮುಗಿಯಿತೆಂದು ಸಾರಲಿ. ನಮ್ಮ ತಂಡದ ಎಂಟು ಮಂದಿಯೂ ಈಗ ತಲಾ ಒಂದು ಕುಟುಂಬದ ಹೊಣೆ ಹೊತ್ತಿದ್ದಾರೆ. ಕೆಲವು ಮನೆಗಳಲ್ಲಿ ಇದು ಮೂರನೆಯ ತಿಂಗಳು. ರೋಗಿಗಳು ಮಾತ್ರೆ ಬಿಡಲು ಮನಸ್ಸು ಮಾಡುವುದು ಈ ಹೊತ್ತಿನಲ್ಲೇ.