ಅಣ್ವಸ್ತ್ರ: ಆಜ್ಞೆ ಒಬ್ಬರದು, ಅಂಕುಶ ಯಾರದು?



ಅಮೆರಿಕದ ಅಧ್ಯಕ್ಷರು ಎಲ್ಲಿಗೆ ಹೋದರೂ ಸೇನಾಧಿಕಾರಿಯೊಬ್ಬರು ಕಪ್ಪು ಚೀಲವೊಂದನ್ನು ಹಿಡಿದು ಅವರ ಹಿಂದೆಯೇ ಸಾಗುವುದನ್ನು ನೀವು ಟಿ.ವಿ. ಸುದ್ದಿಯಲ್ಲಿ ಕಂಡಿರಬಹುದು. ಅಲ್ಲಿನವರು ಅದಕ್ಕೆ ಇಟ್ಟಿರುವ ಅಡ್ಡಹೆಸರು 'ಫುಟ್‌ಬಾಲ್'. ಅದರೊಳಗೆ ಒತ್ತುವ ಗುಂಡಿಯೇನೂ ಇಲ್ಲ. ದಾಳಿ ಯೋಜನೆಗಳ ವಿವರ ಹಾಗೂ ಸೇನಾ ಕೇಂದ್ರವನ್ನು ಸಂಪರ್ಕಿಸುವ ವ್ಯವಸ್ಥೆ ಅದರಲ್ಲಿರುತ್ತದೆ. ಅಧ್ಯಕ್ಷರು ಸಂಕೇತಾಕ್ಷರಗಳನ್ನು ಹೇಳಿ, ಮಾತನಾಡುತ್ತಿರುವವರು ತಾವೇ ಎಂದು ಖಚಿತಪಡಿಸಿ ಆಜ್ಞೆ ನೀಡಿದರೆ, ಅಣ್ವಸ್ತ್ರ ಹೊತ್ತ ಕ್ಷಿಪಣಿಗಳು ಕೆಲವೇ ನಿಮಿಷಗಳಲ್ಲಿ ಹಾರಬಲ್ಲವು. ಇದಕ್ಕೆ ರಕ್ಷಣಾ ಸಚಿವರ ಒಪ್ಪಿಗೆ ಬೇಕಿಲ್ಲ. ಶಾಸನಸಭೆಯ ಮತವೂ ಬೇಕಿಲ್ಲ.

ಪ್ರಜಾಪ್ರಭುತ್ವದಲ್ಲಿ ಒಂದು ಸಣ್ಣ ತೆರಿಗೆ ಹಾಕಬೇಕಾದರೂ ಶಾಸಕಾಂಗದ ಅನುಮತಿ ಬೇಕು. ಹಾಗಿರುವಾಗ ಲಕ್ಷಾಂತರ ಜನರ ಪ್ರಾಣದ ಪ್ರಶ್ನೆ ಒಬ್ಬರ ಕೈಗೆ ಬಂದದ್ದು ಹೇಗೆ?

ಸಂವಿಧಾನದ ಎರಡು ಮಾತು

1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನ ಯುದ್ಧದ ಅಧಿಕಾರವನ್ನು ಇಬ್ಬರಿಗೆ ಹಂಚಿದೆ. ಮೊದಲನೆಯ ವಿಧಿಯ ಪ್ರಕಾರ ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು. (ಇಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸೆನೆಟ್ ಮತ್ತು ಪ್ರತಿನಿಧಿ ಸಭೆ ಸೇರಿದ ಅಲ್ಲಿನ ಸಂಸತ್ತು.) ಎರಡನೆಯ ವಿಧಿಯ ಪ್ರಕಾರ ಸೇನೆಯ ಮಹಾದಂಡನಾಯಕ ಅಧ್ಯಕ್ಷ. ಯುದ್ಧ ಬೇಕೇ ಎಂದು ತೀರ್ಮಾನಿಸುವವರು ಒಬ್ಬರು, ನಡೆಸುವವರು ಇನ್ನೊಬ್ಬರು. ಸೈನ್ಯ ಕುದುರೆಯ ಮೇಲೆ, ಹಡಗಿನಲ್ಲಿ ಸಾಗುತ್ತಿದ್ದ ಕಾಲದಲ್ಲಿ ಈ ಹಂಚಿಕೆಗೆ ಸಮಯವಿತ್ತು.

ಕಡಿವಾಣವಾಗಿ ಬಂದ ಅಧಿಕಾರ

1945ರ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ ಬಾಂಬಿಗೆ ಗುರಿಯಾದವು. ಇನ್ನೊಂದು ಬಾಂಬು ಸುಮಾರು ಒಂದು ವಾರದಲ್ಲಿ ಸಿದ್ಧವಾಗುವುದೆಂದು ಜನರಲ್ ಗ್ರೋವ್ಸ್ 10ರಂದು ವರದಿ ಮಾಡಿದರು. ಅಧ್ಯಕ್ಷರ ಸ್ಪಷ್ಟ ಅನುಮತಿ ಇಲ್ಲದೆ ಅದನ್ನು ಜಪಾನಿನ ಮೇಲೆ ಹಾಕಕೂಡದೆಂಬ ಆದೇಶ ಅಂದೇ ಹೊರಟಿತು. ಇನ್ನೂ ಒಂದು ಲಕ್ಷ ಜನರನ್ನು ಕೊಲ್ಲುವ ಯೋಚನೆಯೇ ಭಯಂಕರವೆಂದು ಅಧ್ಯಕ್ಷ ಟ್ರೂಮನ್ ಸಚಿವರ ಮುಂದೆ ಹೇಳಿದ್ದರು.

ಇಲ್ಲಿ ಒಂದು ಅಂಶ ಗಮನಿಸಿ. ಬಾಂಬು ಹಾಕುವುದನ್ನು ಸುಲಭ ಮಾಡಲೆಂದು ಈ ಅಧಿಕಾರ ಅಧ್ಯಕ್ಷರಿಗೆ ಬರಲಿಲ್ಲ. ಸೇನೆಯ ಕೈ ತಡೆಯಲೆಂದು ಬಂತು. 1946ರ ಪರಮಾಣು ಶಕ್ತಿ ಕಾಯಿದೆ ಇದೇ ದಾರಿಯಲ್ಲಿ ಸಾಗಿ, ಅಣುಶಕ್ತಿಯ ಹೊಣೆಯನ್ನು ಸೇನೆಯಿಂದ ತೆಗೆದು ನಾಗರಿಕ ಆಯೋಗಕ್ಕೆ ವಹಿಸಿತು. ಆದರೆ ಅಧ್ಯಕ್ಷರನ್ನೇ ತಡೆಯಬೇಕಾಗಿ ಬಂದರೆ ಯಾರು ತಡೆಯಬೇಕು? ಆ ಪ್ರಶ್ನೆ ಹಾಗೆಯೇ ಉಳಿಯಿತು.

ಗಡಿಯಾರದ ಮುಂದೆ ಸೋತ ಕಾನೂನು

ಶೀತಲ ಸಮರದ ಕಾಲದಲ್ಲಿ ರಷ್ಯದಿಂದ ಹೊರಟ ಕ್ಷಿಪಣಿ ಅಮೆರಿಕವನ್ನು ಸುಮಾರು 30 ನಿಮಿಷಗಳಲ್ಲಿ ತಲಪುವಂತಾಯಿತು. ಅದನ್ನು ಪತ್ತೆಹಚ್ಚಿ, ಖಚಿತಪಡಿಸಿ, ಅಧ್ಯಕ್ಷರಿಗೆ ತಿಳಿಸಿದ ಮೇಲೆ ಯೋಚಿಸಲು ಹತ್ತು ನಿಮಿಷವೂ ಸಿಗದಿರಬಹುದು. ಅಷ್ಟರಲ್ಲಿ ಸದನ ಸೇರುವುದೆಲ್ಲಿ ಬಂತು?

ವಿಯೆಟ್ನಾಂ ಯುದ್ಧದಿಂದ ಪಾಠ ಕಲಿತ ಕಾಂಗ್ರೆಸ್ಸು, 1973ರಲ್ಲಿ ಅಧ್ಯಕ್ಷ ನಿಕ್ಸನ್ನರ ವೀಟೋವನ್ನೂ ಮೀರಿ ಯುದ್ಧಾಧಿಕಾರ ನಿರ್ಣಯವನ್ನು ಜಾರಿಗೆ ತಂದಿತು. ಸೇನೆಯನ್ನು ಕಾಳಗಕ್ಕೆ ಇಳಿಸಿದ ಅಧ್ಯಕ್ಷರು 48 ಗಂಟೆಗಳೊಳಗೆ ಕಾಂಗ್ರೆಸ್ಸಿಗೆ ವರದಿ ಕೊಡಬೇಕು; ಅನುಮತಿ ದೊರೆಯದಿದ್ದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಸೇನೆಯನ್ನು ಹಿಂತೆಗೆಯಬೇಕು. ಸೈನಿಕರನ್ನು ಹಿಂದಕ್ಕೆ ಕರೆಸಬಹುದು. ಹಾರಿದ ಕ್ಷಿಪಣಿಯನ್ನು ಕರೆಸಲಾದೀತೇ?

ಅದೇ 1973ರಲ್ಲಿ ಕ್ಷಿಪಣಿ ಹಾರಿಸುವ ತರಬೇತಿಯಲ್ಲಿದ್ದ ವಾಯುಪಡೆಯ ಮೇಜರ್ ಹೆರಾಲ್ಡ್ ಹೆರಿಂಗ್ ಒಂದು ಪ್ರಶ್ನೆ ಕೇಳಿದರು: ನನಗೆ ಬಂದ ಆಜ್ಞೆ ಸ್ವಸ್ಥ ಬುದ್ಧಿಯ ಅಧ್ಯಕ್ಷರಿಂದಲೇ ಬಂದಿದೆಯೆಂದು ನಾನು ತಿಳಿಯುವುದು ಹೇಗೆ? ಉತ್ತರದ ಬದಲು ಅವರಿಗೆ ಸಿಕ್ಕಿದ್ದು ಸೇವೆಯಿಂದ ಬಿಡುಗಡೆ.

ಕಾಂಗ್ರೆಸ್ಸಿನ ಕೈಯಲ್ಲಿರುವುದೇನು?

ಹಾಗೆಂದು ಕಾಂಗ್ರೆಸ್ಸು ಕೈಕಟ್ಟಿ ಕುಳಿತಿಲ್ಲ. ಖಜಾನೆಯ ಕೀಲಿ ಅದರ ಬಳಿ ಇದೆ. 1992ರಲ್ಲಿ ಅದು ಕಾಯಿದೆಯ ಮೂಲಕ ಅಣುಪರೀಕ್ಷೆಗಳಿಗೆ ತಡೆಹಾಕಿತು. ಆ ವರ್ಷದ ಸೆಪ್ಟೆಂಬರ್ ನಂತರ ಅಮೆರಿಕ ಅಣುಬಾಂಬಿನ ಸ್ಫೋಟ ಪರೀಕ್ಷೆ ನಡೆಸಿಲ್ಲ. 2005ರಲ್ಲಿ, ನೆಲವನ್ನು ಭೇದಿಸುವ ಹೊಸ ಅಣ್ವಸ್ತ್ರದ ಸಂಶೋಧನೆಗೆ ಅದು ಹಣ ನಿರಾಕರಿಸಿತು. ಏನನ್ನು ತಯಾರಿಸಬೇಕು, ಯಾವುದನ್ನು ಪರೀಕ್ಷಿಸಬೇಕು ಎಂಬುದರಲ್ಲಿ ಶಾಸಕಾಂಗದ ಮಾತು ನಡೆಯುತ್ತದೆ. ತಯಾರಾದ ಅಸ್ತ್ರವನ್ನು ಯಾವಾಗ ಪ್ರಯೋಗಿಸಬೇಕು ಎಂಬಲ್ಲಿ ಅದರ ಮಾತು ನಿಲ್ಲುತ್ತದೆ.

ಈ ಕೊರತೆ ತುಂಬಲು 2016ರಲ್ಲಿ ಸೆನೆಟರ್ ಎಡ್ ಮಾರ್ಕಿ ಮತ್ತು ಪ್ರತಿನಿಧಿ ಟೆಡ್ ಲಿಯು ಒಂದು ಮಸೂದೆ ಮಂಡಿಸಿದರು. ಶತ್ರು ಅಣ್ವಸ್ತ್ರದಿಂದ ದಾಳಿ ಮಾಡಿದಾಗ ಅಧ್ಯಕ್ಷರು ಪ್ರತ್ಯುತ್ತರ ಕೊಡಲಿ. ಆದರೆ ಕಾಂಗ್ರೆಸ್ಸು ಯುದ್ಧ ಸಾರಿ ಸ್ಪಷ್ಟ ಅನುಮತಿ ಕೊಡದೆ ತಾವೇ ಮೊದಲು ಪ್ರಯೋಗಿಸಕೂಡದು ಎಂಬುದು ಅದರ ತಿರುಳು. ಮತ್ತೆ ಮತ್ತೆ ಮಂಡನೆಯಾದರೂ ಅದು ಕಾಯಿದೆಯಾಗಿಲ್ಲ.

ವಿರೋಧಿಸುವವರ ವಾದವನ್ನೂ ಕೇಳಬೇಕು. ಅಧ್ಯಕ್ಷರ ಕೈ ಕಟ್ಟಿದರೆ ಶತ್ರುವಿಗೆ ಭಯ ಹೋಗುತ್ತದೆ, ಅಮೆರಿಕದ ರಕ್ಷಣೆಯನ್ನು ನಂಬಿದ ಮಿತ್ರರಾಷ್ಟ್ರಗಳು ಕಂಗೆಡುತ್ತವೆ, ಮಹಾದಂಡನಾಯಕನ ಅಧಿಕಾರದಲ್ಲಿ ಕಾಂಗ್ರೆಸ್ಸು ಕೈಹಾಕಿದಂತಾಗುತ್ತದೆ ಎಂದು ಅವರು ಹೇಳುತ್ತಾರೆ. ಬೆಂಬಲಿಸುವವರ ಉತ್ತರ ಇದು: ದಾಳಿಗೆ ತುತ್ತಾದವನಿಗೆ ಸಮಯವಿಲ್ಲ, ನಿಜ, ಮೊದಲು ದಾಳಿ ಮಾಡಹೊರಟವನಿಗೆ ಸಮಯವಿದ್ದೇ ಇದೆ. ಅಣ್ವಸ್ತ್ರದಿಂದ ಮೊದಲು ಹೊಡೆಯುವುದೆಂದರೆ ಯುದ್ಧ ಸಾರಿದಂತೆಯೇ. ಆ ಅಧಿಕಾರ ಸಂವಿಧಾನದಲ್ಲಿ ಯಾರಿಗಿದೆ?

2017ರ ನವೆಂಬರಿನಲ್ಲಿ ಸೆನೆಟಿನ ವಿದೇಶಾಂಗ ಸಮಿತಿ ಈ ಕುರಿತು ವಿಚಾರಣೆ ನಡೆಸಿತು. ಕಾನೂನುಬಾಹಿರ ಆಜ್ಞೆಯನ್ನು ಸೇನೆ ಪಾಲಿಸಬೇಕಿಲ್ಲ ಎಂದರು ನಿವೃತ್ತ ಜನರಲ್ ಕೆಹ್ಲರ್. ಹಾಗೆ ತಡೆದರೆ ಮುಂದೇನಾಗುತ್ತದೆ ಎಂದು ಕೇಳಿದಾಗ, ಅದು ತಮಗೆ ನಿಖರವಾಗಿ ತಿಳಿಯದು ಎಂದರು.

ನಮ್ಮ ದೇಶದಲ್ಲಿ

2003ರ ಜನವರಿ 4ರಂದು ಭಾರತ ಪ್ರಕಟಿಸಿದ ನೀತಿಯಂತೆ ಅಣ್ವಸ್ತ್ರ ಪ್ರಯೋಗಕ್ಕೆ ಅನುಮತಿ ನೀಡಬಲ್ಲದ್ದು ಪ್ರಧಾನಿಯವರ ಅಧ್ಯಕ್ಷತೆಯ ರಾಜಕೀಯ ಮಂಡಳಿ ಮಾತ್ರ. ಮೊದಲು ಪ್ರಯೋಗಿಸುವುದಿಲ್ಲ ಎಂಬ ಮಾತೂ ಅದರಲ್ಲಿದೆ. ಆದರೆ ಇದು ಸಂಪುಟದ ಭದ್ರತಾ ಸಮಿತಿಯ ನಿರ್ಧಾರ, ಸಂಸತ್ತಿನ ಕಾಯಿದೆಯಲ್ಲ. ನೀತಿಯನ್ನು ಸರ್ಕಾರ ಬದಲಿಸಬಹುದು. ಕಾಯಿದೆಯನ್ನು ಬದಲಿಸಲು ಸದನದ ಮುಂದೆ ಬರಬೇಕು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ.

ಮುಂದೆ ಮತದಾರರಾಗುವ ನಿಮಗೆ ಈ ಪ್ರಶ್ನೆ ದೂರದ್ದಲ್ಲ.

ತರಗತಿಯಲ್ಲಿ ಚರ್ಚಿಸಿ:
1. ಮೊದಲು ದಾಳಿ ಮಾಡುವುದಕ್ಕೂ ಪ್ರತಿದಾಳಿಗೂ ಬೇರೆ ಬೇರೆ ನಿಯಮಗಳಿರಬೇಕೇ?
2. ಗುಟ್ಟು ಕಾಯಬೇಕಾದ ವಿಷಯದಲ್ಲಿ ಸಂಸತ್ತು ಕಾರ್ಯಾಂಗದ ಮೇಲೆ ಹೇಗೆ ನಿಗಾ ಇಡಬಹುದು?
3. ಮೇಜರ್ ಹೆರಿಂಗ್ ಕೇಳಿದ ಪ್ರಶ್ನೆಗೆ ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?